ಲಿಯುವಾ ಬಯಲಿನ ಒಂಟಿ ಸಿಂಹಿಣಿ



ಆಫ್ರಿಕದ ಸಫಾರಿ ಎಂದೊಡನೆ ನಿಮಗೆ ಟಿವಿಯಲ್ಲಿ ನೋಡಿದ ಮಸಾಯ್ ಮಾರಾ ನೆನಪಾಗುತ್ತದೆ, ಅಲ್ಲವೇ? ನಡುವೆ ಒಂದು ಸಿಂಹ, ಸುತ್ತ ಇಪ್ಪತ್ತು ಜೀಪು! ನಾನಿಂದು ಹೇಳಹೊರಟಿರುವುದು ದಿನವಿಡೀ ಸುತ್ತಿದರೂ ಇನ್ನೊಂದು ಜೀಪು ಎದುರಾಗದ ಜಾಗದ ಬಗ್ಗೆ. ಜಾಂಬಿಯಾದ ಪಶ್ಚಿಮದಂಚಿನಲ್ಲಿ, ಅಂಗೋಲಾ ಗಡಿಯ ಬಳಿ ಇರುವ ಲಿಯುವಾ ಬಯಲು ರಾಷ್ಟ್ರೀಯ ಉದ್ಯಾನ.

ಹೋಗುವುದು ಸುಲಭವಲ್ಲ. ಮುಂಬಯಿ ಅಥವಾ ದೆಹಲಿಯಿಂದ ಅಡಿಸ್ ಅಬಾಬಾ ಮಾರ್ಗವಾಗಿ ಲುಸಾಕಾ ತಲುಪಿ, ಅಲ್ಲಿಂದ ಸುಮಾರು 600 ಕಿಲೋಮೀಟರ್ ದೂರದ ಮೊಂಗು ಪಟ್ಟಣಕ್ಕೆ ಹೋಗಬೇಕು. ಅಲ್ಲಿಂದ ಜಾಂಬೆಜಿ ನದಿಯ ನೆರೆಬಯಲನ್ನು ದಾಟಿ ಕಲಾಬೊ. ಆಮೇಲೆ ಬರೀ ಮರಳು. ಫೋರ್ ವೀಲ್ ಡ್ರೈವ್ ಇಲ್ಲದಿದ್ದರೆ ಆಸೆ ಬಿಡಿ.

ನವೆಂಬರ್ ಹೊತ್ತಿಗೆ ಮೊದಲ ಮಳೆ ಬಿದ್ದಾಗ ಸಾವಿರಾರು ವೈಲ್ಡ್‌ಬೀಸ್ಟ್‌ಗಳು ಇಲ್ಲಿ ಸೇರುತ್ತವೆ. ನೀರು ನಿಂತ ತಗ್ಗುಗಳಲ್ಲಿ ತಲೆಯ ಮೇಲೆ ಹೊಂಬಣ್ಣದ ತುರಾಯಿ ತೊಟ್ಟ ಕ್ರೌನ್ಡ್ ಕ್ರೇನ್‌ಗಳು, ಕೊಕ್ಕಿನ ಬುಡದಲ್ಲಿ ಚರ್ಮ ಜೋಲುವ ವಾಟಲ್ಡ್ ಕ್ರೇನ್‌ಗಳು. ಮರಗಳು ಅಡ್ಡ ಬರುವುದು ಕಡಿಮೆ. ಹಕ್ಕಿ ನೋಡುವವರಿಗೆ ಇದಕ್ಕಿಂತ ಸುಖ ಬೇಕೆ?

ಈ ಬಯಲಿಗೆ ಹೆಸರು ತಂದದ್ದು ಮಾತ್ರ ಒಂದು ಸಿಂಹಿಣಿ. 1990ರ ದಶಕದ ಬೇಟೆಗೆ ಇಲ್ಲಿನ ಸಿಂಹಗಳೆಲ್ಲ ಬಲಿಯಾಗಿ ಆಕೆಯೊಬ್ಬಳೇ ಉಳಿದಳು. 'ಲೇಡಿ ಲಿಯುವಾ' ಎಂದು ಹೆಸರಾಯಿತು. ಸಿಂಹ ಗುಂಪಿನಲ್ಲಿ ಬಾಳುವ ಪ್ರಾಣಿ. ಜೊತೆಯಿಲ್ಲದ ಆಕೆ ಮನುಷ್ಯರ ಬಿಡಾರದ ಹತ್ತಿರ ಬಂದು ಮಲಗತೊಡಗಿದಳು! ತೀರಿಕೊಂಡ ಹೆಂಗಸೊಬ್ಬಳ ಆತ್ಮವೇ ಆಕೆಯಲ್ಲಿದೆ ಎಂದು ಸ್ಥಳೀಯರು ನಂಬಿದ್ದರು. 2003ರಲ್ಲಿ ಉದ್ಯಾನದ ಆಡಳಿತಕ್ಕೆ ಕೈಜೋಡಿಸಿದ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ, 2009ರಿಂದ ಬೇರೆ ಕಾಡಿನ ಸಿಂಹಗಳನ್ನು ಇಲ್ಲಿಗೆ ತಂದಿತು. ಹಾಗೆ ಬಂದ ಎಳೆಯ ಸಿಂಹಿಣಿಯೊಂದು ಈ ಮುದುಕಿಗೆ ಒಡನಾಡಿಯಾಯಿತು. ಅದರ ಹೆಸರು ಸೆಪೊ, ಲೋಝಿ ಭಾಷೆಯಲ್ಲಿ 'ಭರವಸೆ'. ಸೆಪೊ ಮರಿ ಹಾಕಿತು. ಲೇಡಿ ಲಿಯುವಾ 2017ರಲ್ಲಿ, ಗುಂಡಿಗೆ ಬಲಿಯಾಗದೆ, ವಯಸ್ಸಾಗಿಯೇ ತೀರಿಕೊಂಡಳು.

ಇನ್ನೊಂದು ಮಾತು. 1880ರ ದಶಕದಲ್ಲಿ ಲೋಝಿ ದೊರೆ ಲೆವಾನಿಕಾ ಈ ಬಯಲನ್ನು ಕಾಯುವ ಹೊಣೆಯನ್ನು ಪ್ರಜೆಗಳಿಗೇ ವಹಿಸಿದ್ದ. ಇಂದಿಗೂ ಉದ್ಯಾನದ ಒಳಗೆ ಹಳ್ಳಿಗಳಿವೆ, ಜನ ಮೀನು ಹಿಡಿದು ಬದುಕುತ್ತಾರೆ. ಕಾಡು ಉಳಿಯಬೇಕಾದರೆ ಊರನ್ನು ಎಬ್ಬಿಸಲೇಬೇಕು ಎಂದು ವಾದಿಸುವ ಗೆಳೆಯರು ನಿಮಗಿದ್ದರೆ, ಅವರನ್ನೂ ಜೊತೆಗೆ ಕರೆದೊಯ್ಯಿರಿ.

ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ಬೈನಾಕ್ಯುಲರ್ ಮರೆಯಬೇಡಿ.