ಆವಿ ಯಾವ ಕಡೆಯಿಂದ ಬರುತ್ತದೆ?



ಜಲಂಧರದಿಂದ ಬರುವ ಬಿತ್ತನೆ ಆಲೂಗಡ್ಡೆ ಮುಂಗಾರಿನವರೆಗೆ ಹಾಸನದ ಕೋಲ್ಡ್ ಸ್ಟೋರೇಜುಗಳಲ್ಲಿ ಇರುವುದು ನಿಮಗೆ ಗೊತ್ತು. ಶಾಖ ತಡೆಯುವ ಗೋಡೆಯ ಸುಖವನ್ನು ನಮ್ಮ ಕಡೆ ಮನುಷ್ಯರಿಗಿಂತ ಹೆಚ್ಚಾಗಿ ಉಂಡದ್ದು ಈ ಗಡ್ಡೆಯೇ. ಹಾಗಾಗಿ ಮನೆಗೋಡೆಯ ಮಾತನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ಒಳಗೆ 2ರಿಂದ 4 ಡಿಗ್ರಿ. ಹೊರಗೆ 30 ಡಿಗ್ರಿ, ತೇವಾಂಶ ಶೇ. 60 ಎಂದಿಟ್ಟುಕೊಳ್ಳಿ. ಹೊರಗಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. 4 ಡಿಗ್ರಿಯ ಗಾಳಿಗೆ ಹಿಡಿಸುವುದು 6 ಗ್ರಾಂ ಚಿಲ್ಲರೆ ಮಾತ್ರ. ಆವಿ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಇಟ್ಟಿಗೆಯ, ಗಾರೆಯ ರಂಧ್ರಗಳಲ್ಲೇ ನುಸುಳುತ್ತದೆ. ಗೋಡೆಯೊಳಗೆ ಉಷ್ಣತೆ 21 ಡಿಗ್ರಿಗಿಂತ ಕೆಳಗಿಳಿದ ಜಾಗದಲ್ಲಿ ಅದು ನೀರಾಗಬಹುದು. ಈ ಗೋಡೆಗಳಿಗೆ ಹಾಕುವ ಥರ್ಮೋಕೋಲ್ ಶಾಖ ತಡೆಯುವುದು ತನ್ನೊಳಗೆ ಸಿಕ್ಕಿಬಿದ್ದ ನಿಶ್ಚಲ ಗಾಳಿಯಿಂದ. ನೀರು ಆ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಶಾಖ ದಾಟಿಸುತ್ತದೆ. ಗೋಡೆ ನೆನೆದರೆ ಕರೆಂಟ್ ಬಿಲ್ ಏರುತ್ತದೆ. ಆದ್ದರಿಂದಲೇ ಡಾಂಬರಿನ ಲೇಪವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಥರ್ಮೋಕೋಲಿನ ಹೊರಮೈಗೆ, ಬೆಚ್ಚಗಿರುವ ಕಡೆಗೆ ಕೊಡಬೇಕು.

ಕೆನಡಾದ ಮನೆಗಳಲ್ಲಿ ಈ ಲೆಕ್ಕ ತಿರುವುಮುರುವು. ಅಲ್ಲಿ ಚಳಿಗಾಲದಲ್ಲಿ ಬೆಚ್ಚಗಿರುವುದು ಒಳಗೆ, ಆವಿ ಏಳುವುದೂ ಒಳಗೇ. ಅಲ್ಲಿರುವ ನಮ್ಮವರ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿದ್ದರೆ ಕೇಳುವುದೇ ಬೇಡ! ಹಾಗಾಗಿ ಅಲ್ಲಿನವರು ಹಾಳೆಯನ್ನು ಗೋಡೆಯ ಒಳಮೈಗೆ ಹೊದಿಸುತ್ತಾರೆ. ಅಂಥ ಗೋಡೆಯ ಚಿತ್ರ ನೋಡಿ ಇಲ್ಲಿ ಏಸಿ ಕೋಣೆಯ ಗೋಡೆಗೆ ಒಳಗಡೆ ಪಿವಿಸಿ ಶೀಟ್ ಹೊಡೆಸಿದರೆ, ಮಳೆಗಾಲದ ಆವಿ ಹೊರಗಿನಿಂದ ಬಂದು ಆ ತಣ್ಣನೆಯ ಶೀಟಿನ ಬೆನ್ನಿಗೆ ನಿಲ್ಲುತ್ತದೆ. ಮುಂದೆ ನುಣುಪು, ಹಿಂದೆ ಬೂಷ್ಟು.

ಹಳೆಯ ಮಣ್ಣುಗೋಡೆಯ ಕಥೆ ಬೇರೆ. ಅದಕ್ಕೆ ನೀರು ಬರುವುದು ಬುಡದಿಂದ, ಮತ್ತೆ ಸೂರಿನ ಹನಿ ನೆಲಕ್ಕೆ ಬಿದ್ದು ಸಿಡಿಯುವುದರಿಂದ. ಸುಣ್ಣ ಬಳಿದ ಗೋಡೆ ಹೀರಿದ್ದನ್ನು ಎರಡೂ ಮೈಯಿಂದ ಬಿಟ್ಟುಕೊಡುತ್ತದೆ. ಗಟ್ಟಿಯಾಗಲಿ ಎಂದು ಸಿಮೆಂಟ್ ಮೆತ್ತಿಸಿ, ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಸುತ್ತೇವೆ. ಹೊರಬೀಳಲು ದಾರಿಯಿಲ್ಲದ ತೇವ ಇನ್ನೂ ಮೇಲೇರುತ್ತದೆ. ಉಪ್ಪು ಬಿಳಿಯಾಗಿ ಉಕ್ಕುತ್ತದೆ, ಸಿಮೆಂಟು ಹಪ್ಪಳದಂತೆ ಏಳುತ್ತದೆ. ಮೇಸ್ತ್ರಿ ಬಂದು ಇನ್ನೂ ದಪ್ಪಗೆ ಮೆತ್ತುತ್ತಾನೆ. ನನ್ನ ಮಟ್ಟಿಗೆ ನಮ್ಮ ಮಣ್ಣಿನ ಮನೆಗಳಿಗೆ ಮಳೆಗಿಂತ ದೊಡ್ಡ ಶತ್ರು ಈ ಉಪಚಾರವೇ.

ಸುಣ್ಣದ ಗೋಡೆ ನೀರಿಗೆ ಬಗ್ಗುವುದಿಲ್ಲ ಎನ್ನಲು ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚನ್ನು ಇಲ್ಲಿ ಅನೇಕರು ಉದಾಹರಿಸುತ್ತಾರೆ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಒಣಗುತ್ತಾ ಬಂದ ಆ ಗೋಡೆಗಳ ತಾಳ್ಮೆ ದೊಡ್ಡದು, ನಿಜ. ಆದರೆ ಅವೂ ಕುಸಿಯುತ್ತಿವೆ. ಸುಣ್ಣದ ಗಾರೆ ಒಣಗಲು ಅವಕಾಶ ಕೊಡುತ್ತದೆಯೇ ಹೊರತು ನೀರಿನಲ್ಲಿ ನಿಲ್ಲುವ ವರ ಕೊಡುವುದಿಲ್ಲ.

ಹೀಗಾಗಿ ಖರ್ಚು ಶುರುಮಾಡುವಾಗ ಮೊದಲು ಸೂರು ನೋಡಿ, ಆಮೇಲೆ ಚರಂಡಿ, ಬಣ್ಣದ ಡಬ್ಬ ಕೊನೆಗೆ. ಅಂಗಳದ ಮಣ್ಣು ಗೋಡೆಯ ಬುಡಕ್ಕಿಂತ ಮೇಲೆದ್ದಿದ್ದರೆ ತೆಗೆಸಿ, ಇಳಿಜಾರು ಕೊಡಿ. ಬಿರುಕುಬಿಟ್ಟ ಸಿಮೆಂಟನ್ನು ಹುಷಾರಾಗಿ ಕಿತ್ತು, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಹಾಗೇ ಬಿಡಿ, ಆಮೇಲೆ ಸುಣ್ಣದ ಗಾರೆ ಕೊಡಿಸಿ. ಆರ್‌ಸಿಸಿ ಮನೆಗೆ ಶಾಖ ತಡೆ ಬೇಕಿದ್ದರೆ ಅದನ್ನು ತಾರಸಿಯ ಮೇಲೆ ಹಾಕಿಸಿ, ನೀರು ಇಳಿಯದ ಹೊದಿಕೆ ಅದರ ಮೇಲಿರಲಿ. ಕೆಳಗಿನ ಸೀಲಿಂಗ್ ಬರಿದಾಗಿರಲಿ, ಕಾಂಕ್ರೀಟು ಆ ಕಡೆಗಾದರೂ ಒಣಗಲಿ.