ದಂಡನಾಯಕನ ಸೇವಾಪುಸ್ತಕ



ಇಂದಿನ ಮಾತಿಗೆ ವಿಷಯ ಹುಡುಕುತ್ತಿದ್ದಾಗ ‘ದತ್ತಿ’ ಎಂಬ ಪದವೇ ನನ್ನನ್ನು ಶ್ರವಣಬೆಳಗೊಳದ ಬೆಟ್ಟ ಹತ್ತಿಸಿತು. ಶಾಸನದ ಕಲ್ಲಿನಿಂದ ನಮ್ಮ ಆಮಂತ್ರಣ ಪತ್ರಿಕೆಗೆ ಇಳಿದು ಬಂದ ಪದ ಅದು. ನಮ್ಮ ಸೀಮೆಯಲ್ಲಿ ಅರಸರಷ್ಟೇ ಅಲ್ಲ, ದಂಡನಾಯಕರೂ ದತ್ತಿ ಬಿಟ್ಟಿದ್ದಾರೆ. ಅವರಲ್ಲಿ ಹಿರಿಯ ಚಾವುಂಡರಾಯ.

ಗೊಮ್ಮಟನನ್ನು ಮಾಡಿಸಿದವನು, ಗುಳ್ಳಕಾಯಜ್ಜಿಯ ಮುಂದೆ ತಲೆ ತಗ್ಗಿಸಿದವನು ಎಂದು ಚನ್ನರಾಯಪಟ್ಟಣ ತಾಲ್ಲೂಕಿನ ಶಾಲೆಮಕ್ಕಳಿಗೂ ಅವನು ಗೊತ್ತು. ಹೊಳೆನರಸೀಪುರದಿಂದ, ಅರಕಲಗೂಡಿನಿಂದ ಬಂದು ಕುಳಿತಿರುವ ನಿಮಗೆ ಆ ಕಥೆಯನ್ನು ಮತ್ತೆ ಹೇಳಲಾರೆ. ಕತ್ತಿ ಹಿಡಿದ ಚಾವುಂಡರಾಯ ಎಲ್ಲಿದ್ದಾನೆ? ನಾನು ಹುಡುಕಿದ್ದು ಅವನನ್ನು.

ಇಲ್ಲಿ ನಿವೃತ್ತ ನೌಕರರು ಬಹಳ ಮಂದಿ ಇದ್ದೀರಿ. ಸೇವಾಪುಸ್ತಕ ಎಂದರೇನೆಂದು ವಿವರಿಸಬೇಕಿಲ್ಲ. ಚಾವುಂಡರಾಯ ತನ್ನದನ್ನು ತಾನೇ ಬರೆದಿಟ್ಟ. 978ರಲ್ಲಿ ಮುಗಿಸಿದ ಅರವತ್ತಮೂರು ಮಹಾಪುರುಷರ ಗದ್ಯಪುರಾಣದಲ್ಲಿ ತನ್ನ ಒಂದೊಂದು ಬಿರುದಿಗೂ ಒಂದೊಂದು ಕಾಳಗದ ಲೆಕ್ಕ ಒಪ್ಪಿಸುತ್ತಾನೆ. ಖೇಡಗದ ಯುದ್ಧದಲ್ಲಿ ವಜ್ಜಳದೇವನನ್ನು ಸೋಲಿಸಿದ್ದಕ್ಕೆ ‘ಸಮರಧುರಂಧರ’. ಗೋನೂರಿನ ಬಯಲಲ್ಲಿ ನೊಳಂಬರ ಎದುರು ತೋರಿದ ಪರಾಕ್ರಮಕ್ಕೆ ‘ವೀರಮಾರ್ತಂಡ’. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿದ್ದಕ್ಕೆ ‘ರಣರಂಗಸಿಂಗ’. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದದ್ದಕ್ಕೆ ‘ವೈರಿಕುಲಕಾಲದಂಡ’. ಅಹಿಂಸೆಯ ಧರ್ಮಗ್ರಂಥದೊಳಗೆ ಇಷ್ಟು ಹೆಣಗಳ ಲೆಕ್ಕ! ಅವನಿಗೆ ಇದರಲ್ಲಿ ಮುಜುಗರವೇನೂ ಇದ್ದಂತಿಲ್ಲ.

‘ಸಮರಪರಶುರಾಮ’ ಎಂಬ ಬಿರುದಿನ ಬಳಿ ಮಾತ್ರ ನಾನು ಬಹಳ ಹೊತ್ತು ನಿಂತೆ. ಅದು ಗಡಿಯ ಯುದ್ಧದ್ದಲ್ಲ. ಅವನ ತಮ್ಮ ನಾಗವರ್ಮನನ್ನು ಮುದುರಾಚಯ್ಯ ಎಂಬುವನು ಕೊಂದಿದ್ದ. ಅಣ್ಣ ಅವನನ್ನು ಕೊಂದ. ಪರಶುರಾಮನ ಹೆಸರು ಬಂದದ್ದು ಕೊಡಲಿಯ ಬಲಕ್ಕಿಂತ ಹೆಚ್ಚಾಗಿ ಸೇಡಿನ ನೆನಪಿಗೆ ಎಂದೇ ನನ್ನ ಎಣಿಕೆ. ಬಿರುದಾವಳಿಯ ನಡುವೆ ಮನೆಯ ಸಾವೊಂದು ಹೀಗೆ ಬಂದು ಕುಳಿತಿದೆ.

ಅವನು ಸೇನಾಪತಿಯಾಗಿದ್ದ ಕಾಲವಾದರೂ ಎಂಥದು! ಅವನ ಒಡೆಯರಾದ ಗಂಗರು ರಾಷ್ಟ್ರಕೂಟರ ಸಾಮಂತರು. 973ರಲ್ಲಿ ಚಾಳುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಡವಿದ. ಗಂಗ ಮಾರಸಿಂಹ ಮೂರನೆಯ ಕೃಷ್ಣನ ಮೊಮ್ಮಗ ಇಂದ್ರನನ್ನು ಮತ್ತೆ ಪಟ್ಟಕ್ಕೇರಿಸಲು ಹೆಣಗಿದ. ಕೈಗೂಡಲಿಲ್ಲ. ಕೊನೆಗೆ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟ. ಅವನ ಹಿರಿಮೆ ಹೇಳುವ ಕೂಗೆ ಬ್ರಹ್ಮದೇವರ ಕಂಬ ಚಿಕ್ಕಬೆಟ್ಟದಲ್ಲಿದೆ. ಆ ಇಂದ್ರನೂ 982ರಲ್ಲಿ ಇದೇ ಬೆಳಗೊಳದಲ್ಲಿ ಉಪವಾಸವಿದ್ದು ಪ್ರಾಣ ಬಿಟ್ಟ. ಇತ್ತ ಗಂಗ ರಾಚಮಲ್ಲನ ಆಳ್ವಿಕೆಯಲ್ಲಿ ಚಾವುಂಡರಾಯ ಮಂತ್ರಿಯೂ ಆಗಿ, ದಂಡನಾಯಕನೂ ಆಗಿ ಮುಂದುವರಿದ.

978ರ ಪುರಾಣದಲ್ಲಿ ಗೊಮ್ಮಟನ ಮಾತೇ ಇಲ್ಲ. ಸಣ್ಣ ಗೆಲುವನ್ನೂ ಬಿಡದೆ ಬರೆದವನು ಐವತ್ತೆಂಟು ಅಡಿಯ ಮೂರ್ತಿಯನ್ನು ಮರೆತಾನೆಯೇ? ಹಾಗಾಗಿ ಮೂರ್ತಿ ಆಮೇಲಿನದು, 981–83ರ ಸುಮಾರಿನದು ಎಂದು ವಿದ್ವಾಂಸರು ಎಣಿಸುತ್ತಾರೆ. ಆ ಎಣಿಕೆ ಸರಿಯಾದರೆ, ಒಡೆಯರ ಒಡೆಯನಾಗಬೇಕಿದ್ದ ಇಂದ್ರ ಹಸಿದು ಸಾಯುತ್ತಿದ್ದ ದಿನಗಳ ಆಸುಪಾಸಿನಲ್ಲೇ ಎದುರು ಬೆಟ್ಟದಲ್ಲಿ ಉಳಿ ಆಡುತ್ತಿತ್ತು. ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯ ಬೇಡವೆಂದ ಬಾಹುಬಲಿಯನ್ನು ಚಾವುಂಡರಾಯ ಆರಿಸಿಕೊಂಡದ್ದು ಬರಿಯ ಭಕ್ತಿಯಿಂದ ಎಂದು ನನಗೆ ಅನ್ನಿಸುವುದಿಲ್ಲ.

ಆ ಮೂರ್ತಿಯ ಕಾಲ ಬಳಿ ಬಿರುದಿಲ್ಲ, ಯುದ್ಧವಿಲ್ಲ. ಚಾವುಂಡರಾಜ ಮಾಡಿಸಿದ ಎಂಬಷ್ಟೇ ಮಾತು. ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ. ಪಕ್ಕದಲ್ಲಿ ಇನ್ನೊಬ್ಬ ದಂಡನಾಯಕ, ಹೊಯ್ಸಳ ವಿಷ್ಣುವರ್ಧನನ ಗಂಗರಾಜ, ಸುತ್ತಾಲಯ ತನ್ನದೆಂದು ಬರೆಸಿದ್ದಾನೆ. ಈ ಇಬ್ಬರ ನಡುವೆ ಏನೆಲ್ಲ ಆಗಿಹೋಗಿತ್ತು! ತಲಕಾಡು ಚೋಳರ ಪಾಲಾಗಿತ್ತು, ಅರಕಲಗೂಡಿನ ಸೀಮೆಯಲ್ಲಿ ಕೊಂಗಾಳ್ವರು ಚೋಳರ ಹೆಸರಿಟ್ಟುಕೊಂಡು ಆಳಿದ್ದರು. 1116ರ ಹೊತ್ತಿಗೆ ತಲಕಾಡನ್ನು ಮರಳಿ ಗೆದ್ದುಕೊಟ್ಟವನು ಗಂಗರಾಜ. ಕಣ್ಣೇಗಾಲದಲ್ಲಿ ಚಾಳುಕ್ಯರ ಪಾಳೆಯದ ಮೇಲೆ ಇರುಳಲ್ಲಿ ಎರಗಿ ಗೆದ್ದಾಗ ದೊರೆ ಏನು ಬೇಕೆಂದು ಕೇಳಿದ. ಪರಮ ಎಂಬ ಊರನ್ನು ಪಡೆದು, ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ದತ್ತಿ ಬಿಟ್ಟ. ಇಂಥ ದತ್ತಿಗೆ ಅಳುಪಿದವರಿಗೆ ಶಾಸನಗಳು ಹಾಕುವ ಶಾಪ ನಿಮಗೆ ತಿಳಿದದ್ದೇ.

ಅಕ್ಷರಕ್ಕೆ ಅಳುಪಿದವರಿಗೆ ಶಾಪವಿತ್ತೋ ಇಲ್ಲವೋ. ದೊಡ್ಡಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ನಾಲ್ಕು ಮೈಗೂ ಚಾವುಂಡರಾಯನ ಕುಲ, ಕಾಳಗಗಳ ಶಾಸನವಿತ್ತು. 1200ರ ಸುಮಾರಿಗೆ ಹೆಗ್ಗಡೆ ಕಣ್ಣ ಎಂಬುವನು ಯಕ್ಷನ ಮೂರ್ತಿಯೊಂದನ್ನು ಮಾಡಿಸಿ, ಅದನ್ನು ಹೇಳುವ ಎರಡು ಮೂರು ಸಾಲಿಗಾಗಿ ಮೂರು ಮೈಯನ್ನು ಹೆರೆಸಿಬಿಟ್ಟ. ಗೊಮ್ಮಟನ ಕಥೆ ಅಲ್ಲೇ ಇದ್ದಿರಬಹುದು. ಉಳಿದದ್ದು ಉತ್ತರದ ಮೈ ಒಂದೇ, ಅದೂ ನಡುವೆ ನಿಂತ ಮಾತು.

ಕಳೆದ ಸಲ ಹೋದಾಗ ಕಂಬದ ಸುತ್ತ ಜನ ಬಗ್ಗಿ ನೋಡುತ್ತಿದ್ದರು. ಕಂಬ ನೆಲಕ್ಕೆ ತಾಗಿಲ್ಲ, ಅಡಿಯಲ್ಲಿ ಕರವಸ್ತ್ರ ತೂರುತ್ತದೆ ಎಂದು ಹಿಂದಿನಿಂದ ಹೇಳುವ ಮಾತಿದೆಯಲ್ಲ, ಅದಕ್ಕೆ. ನಾನೂ ಬಗ್ಗಿದೆ. ಎದ್ದಮೇಲೆ ಉತ್ತರದ ಮೈಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ.