ಬದುಕು ಯಾವುದಕ್ಕಾಗಿ? ಪುರುಷಾರ್ಥ ವಿಚಾರ ನಡೆದು ಬಂದ ದಾರಿ

ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕು ಪುರುಷಾರ್ಥಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಇಂದಿನ ವಾಡಿಕೆ. ಆದರೆ ಈ ನಾಲ್ಕೂ ಒಟ್ಟಿಗೆ ಹುಟ್ಟಿದವಲ್ಲ. ಮೊದಲ ಮೂರು ತ್ರಿವರ್ಗವೆಂಬ ಹೆಸರಿನಲ್ಲಿ ಬಹುಕಾಲ ಪ್ರತ್ಯೇಕವಾಗಿಯೇ ಇದ್ದವು. ನಾಲ್ಕನೆಯದು ಬೇರೊಂದು ದಾರಿಯಿಂದ ಬಂದು ಸೇರಿಕೊಂಡಿತು. ಬದುಕುವುದು ಯಾವುದಕ್ಕಾಗಿ ಎಂಬ ಪ್ರಶ್ನೆಗೆ ಭಾರತದಲ್ಲಿ ನಡೆದ ಚಿಂತನೆಯ ಚರಿತ್ರೆ ಬಹುಮಟ್ಟಿಗೆ ಈ ಸೇರ್ಪಡೆಯ ಚರಿತ್ರೆ. ಈ ಲೋಕದಲ್ಲಿ ಚೆನ್ನಾಗಿ ಬಾಳುವುದೋ, ಲೋಕದ ಕಟ್ಟಿನಿಂದ ಬಿಡಿಸಿಕೊಳ್ಳುವುದೋ ಎಂಬ ಎಳೆದಾಟ ಅದರ ಉದ್ದಕ್ಕೂ ಕಾಣುತ್ತದೆ.

ವೇದಕಾಲದ ಪ್ರಾರ್ಥನೆಗಳಲ್ಲಿ ಈ ಎಳೆದಾಟ ಅಷ್ಟಾಗಿ ಇಲ್ಲ. ನೂರು ವರ್ಷದ ಆಯುಸ್ಸು, ಮಕ್ಕಳು, ದನಕರು, ಮಳೆ, ಗೆಲುವು ಇವೇ ಅಲ್ಲಿಯ ಬೇಡಿಕೆಗಳು. ಇವುಗಳ ಜೊತೆಗೆ ತೈತ್ತಿರೀಯ ಸಂಹಿತೆ ಇನ್ನೊಂದು ಮುಖ್ಯವಾದ ವಿಚಾರವನ್ನು ಮುಂದಿಡುತ್ತದೆ. ಹುಟ್ಟುವಾಗಲೇ ಬ್ರಾಹ್ಮಣ ಮೂರು ಋಣಗಳನ್ನು ಹೊತ್ತು ಬರುತ್ತಾನೆ. ವೇದಾಧ್ಯಯನದಿಂದ ಋಷಿಗಳ ಋಣವನ್ನು, ಯಜ್ಞದಿಂದ ದೇವತೆಗಳ ಋಣವನ್ನು, ಸಂತಾನದಿಂದ ಪಿತೃಗಳ ಋಣವನ್ನು ಅವನು ತೀರಿಸಬೇಕು. ಈ ನೋಟದಲ್ಲಿ ಬದುಕಿನ ಗುರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಡೆದುದನ್ನು ಹಿಂದಿರುಗಿಸುವುದೇ ಬದುಕಿನ ಕೆಲಸ.

ಉಪನಿಷತ್ತುಗಳಲ್ಲಿ ಪ್ರಶ್ನೆಯ ಧಾಟಿ ಬದಲಾಯಿತು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವ ಮುನ್ನ ತನ್ನ ಆಸ್ತಿಯನ್ನು ಮೈತ್ರೇಯಿ, ಕಾತ್ಯಾಯನಿ ಎಂಬ ಇಬ್ಬರು ಹೆಂಡಿರಿಗೆ ಹಂಚಲು ಮುಂದಾಗುತ್ತಾನೆ. ಇಡೀ ಭೂಮಿಯೇ ಸಂಪತ್ತಿನಿಂದ ತುಂಬಿ ತನ್ನದಾದರೆ ಅದರಿಂದ ಅಮರಳಾಗಬಹುದೇ ಎಂದು ಮೈತ್ರೇಯಿ ಕೇಳುತ್ತಾಳೆ. ಇಲ್ಲ, ಉಳ್ಳವರ ಬದುಕಿನಂಥ ಬದುಕು ಸಿಗುತ್ತದೆ ಅಷ್ಟೆ ಎಂಬ ಉತ್ತರ ಬರುತ್ತದೆ. ಹಾಗಿದ್ದರೆ ಆ ಸಂಪತ್ತು ತನಗೇಕೆ ಎಂದು ಅವಳು ಮರುಪ್ರಶ್ನೆ ಹಾಕುತ್ತಾಳೆ. ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತ ಯಮನೊಡ್ಡಿದ ಭೋಗಗಳನ್ನೆಲ್ಲ ನಿರಾಕರಿಸಿ ಸಾವಿನ ಆಚೆಯದನ್ನೇ ಕೇಳುತ್ತಾನೆ. ಹಿತವಾದುದು ಬೇರೆ, ಪ್ರಿಯವಾದುದು ಬೇರೆ ಎಂಬ ವಿವೇಕ ಅಲ್ಲಿ ಸ್ಪಷ್ಟವಾಗಿ ಮೂಡುತ್ತದೆ.

ಕ್ರಿಸ್ತಪೂರ್ವ 5ನೆಯ ಶತಮಾನದ ಸುಮಾರಿಗೆ ಗಂಗಾ ಬಯಲಿನಲ್ಲಿ ನಗರಗಳು ಬೆಳೆದು, ಮನೆಮಠ ಬಿಟ್ಟ ಶ್ರಮಣರ ಗುಂಪುಗಳು ಹೆಚ್ಚಿದಾಗ ಈ ಪ್ರಶ್ನೆ ಬೀದಿಯ ಚರ್ಚೆಯಾಯಿತು. ಬೌದ್ಧರ ಸಾಮಞ್ಞಫಲ ಸುತ್ತದಲ್ಲಿ ಅದರ ಒಳ್ಳೆಯ ಚಿತ್ರವಿದೆ. ಹುಣ್ಣಿಮೆಯ ರಾತ್ರಿ ಮಗಧದ ಅರಸು ಅಜಾತಶತ್ರು ರಾಜಗೃಹದಲ್ಲಿದ್ದ ಜೀವಕನ ಮಾವಿನ ತೋಪಿಗೆ ಬಂದು ಬುದ್ಧನನ್ನು ಕಾಣುತ್ತಾನೆ. ಆನೆಯ ಮಾವುತ, ಅಡುಗೆಯವ, ಕ್ಷೌರಿಕ, ಹೂವಾಡಿಗ, ನೇಕಾರ, ಕುಂಬಾರ ಇವರೆಲ್ಲ ತಮ್ಮ ಕಸುಬಿನ ಫಲವನ್ನು ಕಣ್ಣೆದುರೇ ಉಣ್ಣುತ್ತಾರೆ, ಹೆಂಡತಿ ಮಕ್ಕಳನ್ನು ಸಾಕುತ್ತಾರೆ. ಲೋಕ ಬಿಟ್ಟವನಿಗೆ ಹಾಗೆ ಕಣ್ಣಿಗೆ ಕಾಣುವ ಫಲವೇನು ಎಂಬುದು ಅರಸನ ಪ್ರಶ್ನೆ. ಇದೇ ಪ್ರಶ್ನೆಯನ್ನು ಆರು ಮಂದಿ ಗುರುಗಳಿಗೂ ಹಾಕಿದ್ದೆನೆಂದು ಹೇಳಿ ಅವರ ಉತ್ತರಗಳನ್ನು ಅವನು ಒಪ್ಪಿಸುತ್ತಾನೆ. ಆಜೀವಕರ ಮಕ್ಖಲಿ ಗೋಸಾಲನ ಪ್ರಕಾರ ಎಲ್ಲವೂ ನಿಯತಿ. ಎಸೆದ ನೂಲಿನ ಉಂಡೆ ನೂಲು ಮುಗಿಯುವ ತನಕ ಬಿಚ್ಚಿಕೊಳ್ಳುತ್ತ ಉರುಳುವಂತೆ ಜಾಣನೂ ದಡ್ಡನೂ ತಮ್ಮ ಜನ್ಮಗಳನ್ನು ಸುತ್ತಿ ಮುಗಿಸಲೇಬೇಕು. ಅಜಿತ ಕೇಶಕಂಬಲಿಗೆ ದೇಹದೊಂದಿಗೆ ಎಲ್ಲವೂ ಮುಗಿಯುತ್ತದೆ, ದಾನಧರ್ಮಕ್ಕೆ ಪರಲೋಕದ ಫಲವಿಲ್ಲ. ಸಂಜಯ ಬೇಲಟ್ಠಿಪುತ್ತ ಯಾವ ಪಕ್ಷವನ್ನೂ ಹಿಡಿಯಲೊಲ್ಲ. ಬುದ್ಧನ ಉತ್ತರ ಶೀಲದಿಂದ ಆರಂಭವಾಗಿ, ಚಿತ್ತದ ಶಾಂತಿಯ ಮೂಲಕ, ದುಃಖದ ಕೊನೆಯನ್ನು ಮುಟ್ಟುತ್ತದೆ. ನಿಯತಿವಾದ, ದೇಹವಾದ, ಸಂದೇಹವಾದ, ಬಿಡುಗಡೆಯ ಹಾದಿ ಇವೆಲ್ಲ ಒಂದೇ ಕಾಲದಲ್ಲಿ ಒಬ್ಬನೇ ಅರಸನ ಕಿವಿಗೆ ಬಿದ್ದಿದ್ದವೆಂಬುದನ್ನು ಈ ಸಂವಾದ ತೋರಿಸುತ್ತದೆ.

ಗೃಹಸ್ಥಜೀವನದ ಪಕ್ಷದವರು ಶ್ರಮಣರಿಗೆ ಕೊಟ್ಟ ಪ್ರತ್ಯುತ್ತರವೇ ತ್ರಿವರ್ಗದ ಶಾಸ್ತ್ರಗಳು. ಧರ್ಮ, ಅರ್ಥ, ಕಾಮಗಳಲ್ಲಿ ಒಂದೊಂದಕ್ಕೂ ಒಂದೊಂದು ಶಾಸ್ತ್ರ ಬೆಳೆಯಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಮೂರರಲ್ಲಿ ಅರ್ಥವೇ ಪ್ರಧಾನ, ಉಳಿದೆರಡೂ ಅದನ್ನೇ ಆಶ್ರಯಿಸಿವೆ ಎನ್ನುತ್ತದೆ. ಆದರೂ ಅರಸು ಮೂರನ್ನೂ ಸಮವಾಗಿ ಸೇವಿಸಬೇಕೆಂದೂ, ಒಂದು ಅತಿಯಾದರೆ ಅದು ತನ್ನನ್ನೂ ಮಿಕ್ಕವನ್ನೂ ಕೆಡಿಸುತ್ತದೆಂದೂ ಅಲ್ಲೇ ಎಚ್ಚರಿಸುತ್ತದೆ. ವಾತ್ಸ್ಯಾಯನನ ಕಾಮಸೂತ್ರ ನೂರು ವರ್ಷದ ಆಯುಸ್ಸನ್ನು ಹಂಚುತ್ತದೆ: ಬಾಲ್ಯದಲ್ಲಿ ವಿದ್ಯೆ, ಯೌವನದಲ್ಲಿ ಕಾಮ, ಮುಪ್ಪಿನಲ್ಲಿ ಧರ್ಮ ಮತ್ತು ಮೋಕ್ಷ. ಮನುಸ್ಮೃತಿ ಯಾವುದು ಶ್ರೇಯಸ್ಸೆಂಬ ಬಗ್ಗೆ ಇದ್ದ ಬೇರೆಬೇರೆ ಅಭಿಪ್ರಾಯಗಳನ್ನು ಹೇಳಿ, ಮೂರೂ ಕೂಡಿದ್ದೇ ಶ್ರೇಯಸ್ಸೆಂದು ತೀರ್ಮಾನಿಸುತ್ತದೆ. ಮೂರು ಋಣಗಳನ್ನು ತೀರಿಸಿದ ಮೇಲೆಯೇ ಮನಸ್ಸನ್ನು ಮೋಕ್ಷದಲ್ಲಿಡಬೇಕೆಂಬುದು ಅದರ ಕಟ್ಟಳೆ. ಹೀಗೆ ಮೋಕ್ಷಕ್ಕೆ ಜಾಗ ಸಿಕ್ಕಿತು, ಆದರೆ ಸರದಿಯಲ್ಲಿ ಕೊನೆಗೆ.

ಈ ವಾದದ ಅತ್ಯಂತ ಸಜೀವವಾದ ರೂಪ ಮಹಾಭಾರತದ ಶಾಂತಿಪರ್ವದಲ್ಲಿದೆ. ಯುದ್ಧ ಮುಗಿದಿದೆ. ಶರಶಯ್ಯೆಯ ಮೇಲಿನ ಭೀಷ್ಮ ಮಾತು ನಿಲ್ಲಿಸಿದ ಹೊತ್ತಿನಲ್ಲಿ ಧರ್ಮರಾಯ ಬಿಡಾರಕ್ಕೆ ಮರಳಿ, ಧರ್ಮ, ಅರ್ಥ, ಕಾಮಗಳಲ್ಲಿ ಯಾವುದು ಹೆಚ್ಚಿನದೆಂದು ತಮ್ಮಂದಿರನ್ನೂ ವಿದುರನನ್ನೂ ಕೇಳುತ್ತಾನೆ. ವಿದುರ ಧರ್ಮವೆನ್ನುತ್ತಾನೆ. ಅರ್ಜುನ ಒಪ್ಪುವುದಿಲ್ಲ. ಇದು ಕರ್ಮಭೂಮಿ, ಬೇಸಾಯ, ವ್ಯಾಪಾರ, ಗೋಪಾಲನೆ, ಕುಶಲಕೆಲಸಗಳಿಲ್ಲದೆ ಏನೂ ನಡೆಯದು, ಆದ್ದರಿಂದ ಅರ್ಥವೇ ಮೇಲು ಎಂಬುದು ಅವನ ಮಾತು. ನಕುಲ ಸಹದೇವರು ಧರ್ಮದಿಂದ ಕೂಡಿದ ಅರ್ಥವನ್ನು ಹಿಡಿಯುತ್ತಾರೆ. ಭೀಮ ಕಾಮದ ಪರವಾಗಿ ನಿಲ್ಲುತ್ತಾನೆ: ಬಯಕೆಯಿಲ್ಲದೆ ಯಾರೂ ಹಣವನ್ನೂ ಬಯಸರು, ಧರ್ಮವನ್ನೂ ಬಯಸರು, ಗಾಳಿ, ಎಲೆ, ಹಣ್ಣು ತಿಂದು ತಪಸ್ಸು ಮಾಡುವ ಋಷಿಗಳನ್ನು ನಡೆಸುವುದೂ ಬಯಕೆಯೇ. ಕೊನೆಯಲ್ಲಿ ಧರ್ಮರಾಯ ಈ ಮೂರನ್ನೂ ಬಿಟ್ಟು, ಚಿನ್ನವನ್ನೂ ಮಣ್ಣುಹೆಂಟೆಯನ್ನೂ ಸಮನಾಗಿ ಕಾಣುವವನ ಬಿಡುಗಡೆಯ ಕಡೆಗೆ ವಾಲುತ್ತಾನೆ. ಗೆದ್ದ ಅರಸನೇ ಗೆಲುವಿನಾಚೆಗಿನದನ್ನು ಹಂಬಲಿಸುವ ಈ ಪ್ರಸಂಗದಲ್ಲಿ ತ್ರಿವರ್ಗ ಮತ್ತು ಮೋಕ್ಷ ಎದುರುಬದುರಾಗಿ ನಿಲ್ಲುತ್ತವೆ. ಭಗವದ್ಗೀತೆಯ ಕರ್ಮಯೋಗ ಈ ಎರಡನ್ನೂ ಬೆಸೆಯಲು ನಡೆದ ದೊಡ್ಡ ಪ್ರಯತ್ನ. ಬಿಡಬೇಕಾದ್ದು ಕೆಲಸವನ್ನಲ್ಲ, ಫಲದ ಹಂಬಲವನ್ನು ಎಂಬುದು ಅದರ ನಿಲುವು.

ಮುಂದೆ ವೇದಾಂತದ ಆಚಾರ್ಯರಲ್ಲಿ ಮೋಕ್ಷ ಪರಮಪುರುಷಾರ್ಥದ ಪಟ್ಟವೇರಿತು. ಆದರೆ ಅದರ ಸ್ವರೂಪದ ಬಗ್ಗೆ ಒಮ್ಮತವಿರಲಿಲ್ಲ. ಶಂಕರರಿಗೆ ಅದು ಜ್ಞಾನದಿಂದ ಮಾತ್ರ ಸಿದ್ಧಿಸುವ ಬ್ರಹ್ಮಭಾವ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರಿಗೆ ಅದು ನಾರಾಯಣನ ನಿತ್ಯ ಕೈಂಕರ್ಯ. ಉಡುಪಿಯ ಮಧ್ವರಿಗೆ ಅದು ಹರಿಪ್ರಸಾದದಿಂದ ಸಿಗುವ, ಜೀವರ ಯೋಗ್ಯತೆಗೆ ತಕ್ಕಂತೆ ತಾರತಮ್ಯವುಳ್ಳ ಆನಂದ. ವಿದ್ಯಾರಣ್ಯರ ಜೀವನ್ಮುಕ್ತಿವಿವೇಕ ದೇಹವಿರುವಾಗಲೇ ಬಿಡುಗಡೆ ಸಾಧ್ಯವೆಂಬ ವಿಚಾರವನ್ನು ವಿಸ್ತಾರವಾಗಿ ಬೆಳೆಸಿತು.

ಶಾಸ್ತ್ರಗ್ರಂಥಗಳ ಹೊರಗೂ ಈ ಪ್ರಶ್ನೆಗೆ ಉತ್ತರಗಳಿದ್ದವು, ಕನ್ನಡನಾಡಿನಲ್ಲಿ ಅವು ಕಲ್ಲಿನ ಮೇಲೆಯೇ ನಿಂತಿವೆ. ಊರಂಚಿನ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಪಟ್ಟಿಕೆಯಲ್ಲಿ ತುರುಗಳಿಗಾಗಿಯೋ ಊರಿಗಾಗಿಯೋ ಹೋರಾಡುವ ವೀರ, ನಡುವಿನದರಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿ. ಹತ್ತು ಜನರಿಗಾಗಿ ಸತ್ತವನ ಬದುಕು ಸಾರ್ಥಕವೆಂಬ ನಂಬಿಕೆ ಮೂರೇ ಪಟ್ಟಿಕೆಗಳಲ್ಲಿ ಮೂಡಿದೆ. ಶ್ರವಣಬೆಳಗೊಳದ ಚಂದ್ರಗಿರಿಯ ನಿಸಿಧಿ ಶಾಸನಗಳು ಬೇರೆ ಉತ್ತರ ಕೊಡುತ್ತವೆ. ಜೈನರ ಸಲ್ಲೇಖನ ವ್ರತದಿಂದ, ತಿಳಿದ ಮನಸ್ಸಿನಿಂದ ದೇಹ ಬಿಟ್ಟವರ ನೆನಪು ಅವು.

ಈ ಎರಡು ಉತ್ತರಗಳನ್ನೂ ಒಟ್ಟಿಗೆ ಹಿಡಿದಿಟ್ಟ ಕವಿ ಪಂಪ. ವಿಕ್ರಮಾರ್ಜುನ ವಿಜಯದಲ್ಲಿ ಲೌಕಿಕದ ವೀರ, ತ್ಯಾಗ, ಭೋಗಗಳನ್ನು ಹಾಡಿದ ಅವನು, 941ರ ಆದಿಪುರಾಣದಲ್ಲಿ ಆಗಮಿಕವನ್ನು ಬೆಳಗಿದ. ಮೊದಲ ತೀರ್ಥಂಕರನಾದ ಆದಿದೇವನ ಆಸ್ಥಾನದಲ್ಲಿ ನರ್ತಕಿ ನೀಲಾಂಜನೆ ಕುಣಿಯುತ್ತಿರುವಾಗಲೇ ಅವಳ ಆಯುಸ್ಸು ಮುಗಿಯುತ್ತದೆ. ಇಂದ್ರ ಅದೇ ಕ್ಷಣದಲ್ಲಿ ಅವಳಂಥದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದಿದೇವನಿಗೆ ತಿಳಿಯುತ್ತದೆ. ಅದೇ ಅವನ ವೈರಾಗ್ಯಕ್ಕೆ ಕಾರಣ. ಭೋಗದ ಸೊಬಗನ್ನು ಕವಿ ಅಲ್ಲಗಳೆಯುವುದಿಲ್ಲ, ಅದು ನಿಲ್ಲದೆಂಬುದನ್ನು ಮಾತ್ರ ಕಾಣಿಸುತ್ತಾನೆ.

12ನೆಯ ಶತಮಾನದ ಕಲ್ಯಾಣದಲ್ಲಿ ಶಿವಶರಣರು ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಶಾಸ್ತ್ರಗಳು ತ್ರಿವರ್ಗವನ್ನು ಮೊದಲಿಗೂ ಮೋಕ್ಷವನ್ನು ಕೊನೆಗೂ ಇಟ್ಟಿದ್ದವು. ಶರಣರು ದುಡಿಮೆಯಲ್ಲೇ ಕೈಲಾಸವನ್ನು ಕಂಡರು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ಇದಕ್ಕೆ ಸಾಕ್ಷಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆ ದಂಪತಿಗಳ ಕಾಯಕ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ದುಡಿಯಬೇಕು, ಹಂಚಿ ಉಣ್ಣಬೇಕು, ನಾಳೆಗೆ ಕೂಡಿಡಬಾರದು ಎಂಬ ಮೂರು ನಿಯಮಗಳು ಈ ಸಣ್ಣ ಪ್ರಸಂಗದಲ್ಲಿ ಅಡಗಿವೆ. ಬದುಕಿನ ಸಾರ್ಥಕತೆಗೆ ಕುಲ, ವಯಸ್ಸು, ಸನ್ಯಾಸಗಳ ಅರ್ಹತೆ ಬೇಕಾಗಿಲ್ಲವೆಂದು ಸಾರಿದ್ದು ಈ ಚರಿತ್ರೆಯ ಬಹುದೊಡ್ಡ ತಿರುವು. ಅಲ್ಲಿಯವರೆಗೆ ಗುರಿಗಳ ವಿಚಾರ ಹೆಚ್ಚಾಗಿ ಅರಸರ, ದ್ವಿಜರ, ಯತಿಗಳ ಸೊತ್ತಾಗಿತ್ತು. ಶರಣರಲ್ಲಿ ಹಗ್ಗ ಹೊಸೆಯುವವನೂ ಸೌದೆ ಮಾರುವವನೂ ಅದರ ಬಗ್ಗೆ ಅಧಿಕಾರದಿಂದ ಮಾತನಾಡಿದರು.

20ನೆಯ ಶತಮಾನದಲ್ಲಿ ಪರಕೀಯ ಆಡಳಿತ, ವಿಜ್ಞಾನ, ಹೊಸ ಶಿಕ್ಷಣಗಳ ಎದುರಿನಲ್ಲಿ ಈ ವಿಚಾರ ಮತ್ತೆ ಪರೀಕ್ಷೆಗೆ ಒಳಗಾಯಿತು. ಮಂಡಾಲೆಯ ಸೆರೆಮನೆಯಲ್ಲಿ ಬಾಲಗಂಗಾಧರ ತಿಲಕರು ಬರೆದು 1915ರಲ್ಲಿ ಪ್ರಕಟವಾದ ಗೀತಾರಹಸ್ಯ, ಗೀತೆಯ ತಾತ್ಪರ್ಯ ಸನ್ಯಾಸವಲ್ಲ, ಲೋಕಹಿತದ ಕರ್ಮವೆಂದು ವಾದಿಸಿತು. ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ಮೈಸೂರಿನ ಮಹಾರಾಜ ಕಾಲೇಜಿನ ಎಂ. ಹಿರಿಯಣ್ಣನವರು ಪುರುಷಾರ್ಥಗಳನ್ನು ಮೌಲ್ಯಗಳಾಗಿ ವಿವೇಚಿಸಿದರು. ಅರ್ಥ ಸಾಧನ, ಕಾಮ ಅದರಿಂದ ದೊರೆಯುವ ಸುಖ, ಧರ್ಮ ಇವೆರಡನ್ನೂ ಹದದಲ್ಲಿಡುವ ಕಟ್ಟು ಎಂಬ ಸಂಬಂಧವನ್ನು ಇಂಥ ವಿವೇಚನೆ ಬಿಡಿಸಿ ತೋರಿಸಿತು. ಡಿ.ವಿ. ಗುಂಡಪ್ಪನವರ ಮಂಕುತಿಮ್ಮನ ಕಗ್ಗ 1943ರಲ್ಲಿ ಹೊರಬಂದು, ಪಂಡಿತರ ಪ್ರಶ್ನೆಯನ್ನು ಸಾಮಾನ್ಯ ಓದುಗರ ಮನೆಗೆ ತಲುಪಿಸಿತು. ಸಂಶಯವನ್ನು ಮುಚ್ಚಿಡದೆ, ಸಂಸಾರವನ್ನು ತೊರೆಯದೆ ಬಾಳನ್ನು ಹದಗೊಳಿಸಿಕೊಳ್ಳುವ ದಾರಿ ಅದರದು. ಶಿವರಾಮ ಕಾರಂತರ 1960ರ ಕಾದಂಬರಿ ಅಳಿದ ಮೇಲೆ, ಪರಲೋಕದ ಆಸರೆಯಿಲ್ಲದೆ ಇದೇ ಪ್ರಶ್ನೆಯನ್ನು ಎತ್ತುತ್ತದೆ. ಸಮಾಜದಿಂದ ಪಡೆದಷ್ಟನ್ನಾದರೂ ಹಿಂದಿರುಗಿಸಿ ಹೋಗಬೇಕೆಂಬ ಋಣಪ್ರಜ್ಞೆ ಅದರ ಯಶವಂತರಾಯನದು. ಋಷಿ, ದೇವ, ಪಿತೃಗಳಿಗೆ ಸಲ್ಲಬೇಕಿದ್ದ ಋಣ ಇಲ್ಲಿ ಸುತ್ತಲಿನ ಮನುಷ್ಯರಿಗೆ ಸಲ್ಲಬೇಕಾದ ಋಣವಾಗಿದೆ.

ಈ ದೀರ್ಘ ಚರಿತ್ರೆಯಲ್ಲಿ ಯಾವ ಒಂದು ಗುರಿಯೂ ಉಳಿದವನ್ನು ಸಂಪೂರ್ಣವಾಗಿ ಅಳಿಸಿಹಾಕಲಿಲ್ಲ. ಅರ್ಥವನ್ನು ಎತ್ತಿ ಹಿಡಿದ ಕೌಟಿಲ್ಯ ಸಮತೋಲವನ್ನು ಕೇಳಿದ, ಮೋಕ್ಷವನ್ನು ಹಂಬಲಿಸಿದ ಧರ್ಮರಾಯ ರಾಜ್ಯವಾಳಿದ, ಲೌಕಿಕ ಆಗಮಿಕಗಳೆರಡೂ ಪಂಪನಿಗೆ ಬೇಕಾದವು, ಶರಣರು ಎರಡರ ನಡುವಿನ ಗಡಿಯನ್ನೇ ಕಾಯಕದಲ್ಲಿ ಕರಗಿಸಿದರು. ಬದುಕಿಗೆ ಒಂದೇ ಅರ್ಥವನ್ನು ಗೊತ್ತುಮಾಡುವುದಕ್ಕಿಂತ, ಹಲವು ಗುರಿಗಳು ಒಂದನ್ನೊಂದು ಕೊಲ್ಲದಂತೆ ಬಾಳುವ ಬಗೆಯನ್ನು ಹುಡುಕಿದ್ದೇ ಪುರುಷಾರ್ಥ ವಿಚಾರದ ನಿಜವಾದ ಸಾಧನೆ.